ಪಗ್ ತರಬೇಕೆ, ಸ್ಪಿಟ್ಜ್ ತರಬೇಕೆ? ಬಿಸಿಲ ನಾಡಿನ ಮನೆಗೆ ಒಪ್ಪುವ ಪುಟ್ಟ ನಾಯಿ

ದೇಶದಲ್ಲಿ ನಾಯಿಗಳ ಕುರಿತ ಚರ್ಚೆ ಕೆಲವು ವರ್ಷಗಳಿಂದ ನ್ಯಾಯಾಲಯಗಳ ಅಂಗಳದಲ್ಲೇ ನಡೆಯುತ್ತಿದೆ. ಕಚ್ಚುವ ಸ್ವಭಾವದವೆಂದು ಗುರುತಿಸಲಾದ 23 ತಳಿಗಳ ಮಾರಾಟ ಮತ್ತು ಸಾಕಣೆಯನ್ನು ತಡೆಯುವಂತೆ ಕೇಂದ್ರ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ್ದೆಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಆ ಸುತ್ತೋಲೆಯನ್ನು ರದ್ದುಪಡಿಸಿತು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವುಗೊಳಿಸಿ ಆಶ್ರಯತಾಣಗಳಿಗೆ ಸಾಗಿಸುವಂತೆ ಆದೇಶಿಸಿತು. ಆ ಆದೇಶದ ಪರ-ವಿರೋಧ ಮಾತುಗಳು ದೇಶದ ತುಂಬ ಕೇಳಿಬಂದವು.

ಈ ಎಲ್ಲ ಚರ್ಚೆಯೂ ದೊಡ್ಡ ನಾಯಿ ಮತ್ತು ಬೀದಿನಾಯಿಯ ಸುತ್ತ ನಡೆದಿದೆ. ಮನೆಯೊಳಗೆ ಬಂದು ಸೇರುತ್ತಿರುವ ಪುಟ್ಟ ನಾಯಿಯ ಬಗ್ಗೆ ಯಾರೂ ಮಾತನಾಡಿಲ್ಲ. ಅದು ಯಾರನ್ನೂ ಸೀಳಿ ಹಾಕುವುದಿಲ್ಲವಾದ್ದರಿಂದ ಸುದ್ದಿಯಾಗುವುದಿಲ್ಲ. ಆದರೆ ಬೆಂಗಳೂರಿನಿಂದ ಹಿಡಿದು ಕಲ್ಯಾಣ ಕರ್ನಾಟಕದ ಹೋಬಳಿ ಊರುಗಳವರೆಗೆ, ಮಕ್ಕಳ ಹಟಕ್ಕೆ ಮಣಿದ ಸಾವಿರಾರು ಕುಟುಂಬಗಳು ಕೈಗೊಳ್ಳುವ ತೀರ್ಮಾನ ಈ ಪುಟ್ಟ ನಾಯಿಗೆ ಸಂಬಂಧಿಸಿದ್ದು. ಆಯ್ಕೆ ಬಹುಮಟ್ಟಿಗೆ ಎರಡು ತಳಿಗಳ ನಡುವೆ ನಡೆಯುತ್ತದೆ. ಒಂದು, ಚಪ್ಪಟೆ ಮುಖದ ಪಗ್. ಇನ್ನೊಂದು, ಜನ ‘ಪಾಮೆರಿಯನ್’ ಎಂದು ಕರೆಯುವ ಬಿಳಿ ತುಪ್ಪಳದ ಸ್ಪಿಟ್ಜ್.

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ದೇವಾಪುರದಂಥ ಊರನ್ನು ಎದುರಿಗಿಟ್ಟುಕೊಂಡು ಈ ಆಯ್ಕೆಯನ್ನು ಪರಿಶೀಲಿಸುವುದು ಸೂಕ್ತ. ರಾಜಧಾನಿಯ ತಂಪು ಹವೆಯಲ್ಲಿ ಮರೆಯಾಗುವ ಸಂಗತಿಗಳು ಇಲ್ಲಿನ ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಕಾವಲಿನ ನಾಯಿಯಿಂದ ಸೋಫಾದ ನಾಯಿಯವರೆಗೆ

ಸುರಪುರ ಸೀಮೆಗೆ ನಾಯಿ ಹೊಸದಲ್ಲ. ಬೇಡ ನಾಯಕರ ಸಂಸ್ಥಾನವಾಗಿದ್ದ ಈ ನೆಲದಲ್ಲಿ ಬೇಟೆಗೂ ಹೊಲದ ಕಾವಲಿಗೂ ಕುರಿಹಿಂಡಿಗೂ ನಾಯಿ ಬೇಕಿತ್ತು. ಕೃಷ್ಣೆಯ ಮೇಲ್ಭಾಗದಲ್ಲಿ, ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ, ಘೋರ್ಪಡೆ ಅರಸರು ಪೋಷಿಸಿದ ಬೇಟೆನಾಯಿ ಇಂದು ದೇಶಕ್ಕೇ ಪರಿಚಿತ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ಭಾರತೀಯ ಶ್ವಾನ ತಳಿಗಳ ಅಂಚೆಚೀಟಿಗಳಲ್ಲಿ ಮುಧೋಳದ್ದೂ ಒಂದು. 2016ರಲ್ಲಿ ಅದರ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ‘ಮನ್ ಕೀ ಬಾತ್’ ಭಾಷಣದಲ್ಲಿ ದೇಶಿ ತಳಿಗಳನ್ನು ಸಾಕುವಂತೆ ಕರೆ ನೀಡುತ್ತ ಮುಧೋಳದ ಹೆಸರನ್ನೂ ಎತ್ತಿದರು.

ಆದರೆ ಮುಧೋಳ ಓಡುವುದಕ್ಕೆಂದೇ ಬೆಳೆದ ಎತ್ತರದ ನಾಯಿ. ಎರಡು ಕೋಣೆಯ ಮನೆಯಲ್ಲಿ ಅದನ್ನು ಕಟ್ಟಿ ಹಾಕುವುದು ಅನ್ಯಾಯವೇ ಸರಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದು ಭತ್ತ ಬೆಳೆಯತೊಡಗಿದ ಮೇಲೆ ಸುರಪುರ, ಶಹಾಪುರ ಭಾಗದ ಬದುಕು ಬದಲಾಗಿದೆ. ಮಣ್ಣು ಹೊದಿಸಿದ ಮಾಳಿಗೆ ಮನೆಗಳ ಜಾಗದಲ್ಲಿ ಆರ್‌ಸಿಸಿ ಮನೆಗಳು ಎದ್ದಿವೆ. ಗಂಡ-ಹೆಂಡತಿ ಇಬ್ಬರೂ ನೌಕರಿಯಲ್ಲಿರುವ ಸಂಸಾರಗಳು ಹೆಚ್ಚಿವೆ. ಇಂಥ ಮನೆ ಬಯಸುವುದು ಒಳಗೇ ಇರುವ, ಮಕ್ಕಳೊಡನೆ ಆಡುವ, ಒಂದು ಬಟ್ಟಲು ಊಟದಲ್ಲಿ ತೃಪ್ತಿಪಡುವ ನಾಯಿಯನ್ನು. ನಾಯಿ ಹೊಸ್ತಿಲು ದಾಟಿ ಒಳಬಂದಿರುವುದೇ ಇಲ್ಲಿನ ಹೊಸ ಬೆಳವಣಿಗೆ.

ಪರದೆಯ ಮೇಲಿಂದ ಇಳಿದು ಬಂದವು

ಈ ಎರಡೂ ತಳಿಗಳು ಮನೆಮಾತಾದದ್ದರಲ್ಲಿ ಪರದೆಯ ಪಾತ್ರ ದೊಡ್ಡದು. 1994ರಲ್ಲಿ ತೆರೆಕಂಡ ಹಿಂದಿ ಚಿತ್ರ ‘ಹಮ್ ಆಪ್ಕೆ ಹೈಂ ಕೌನ್’ನಲ್ಲಿ ಕಥೆಯ ತಿರುವಿಗೇ ಕಾರಣವಾಗುವ ಬಿಳಿ ನಾಯಿ ಟಫಿ, ಸ್ಪಿಟ್ಜ್ ಜಾತಿಯದು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆಯೇ ನಡೆದ ಪಗ್ ದೇಶದ ಮನ ಗೆದ್ದಿತು. ಅದುವರೆಗೆ ದೊಡ್ಡ ನಗರಗಳ ಶ್ವಾನಪ್ರಿಯರಿಗಷ್ಟೇ ಗೊತ್ತಿದ್ದ ಪಗ್ ‘ಹಚ್ ನಾಯಿ’ ಎಂದೇ ಹೆಸರಾಗಿ ಸಣ್ಣ ಊರುಗಳನ್ನೂ ತಲುಪಿತು. ಕಂಪನಿಯ ಹೆಸರು ಬದಲಾಗಿ ಎಷ್ಟೋ ವರ್ಷಗಳಾದರೂ ಆ ಅಡ್ಡಹೆಸರು ಉಳಿದಿದೆ.

ಸ್ಪಿಟ್ಜ್ ವಿಷಯದಲ್ಲಿ ಹೆಸರಿನ ಗೊಂದಲವೊಂದಿದೆ. ನಿಜವಾದ ಪೊಮೆರೇನಿಯನ್ ಬಾಲ್ಟಿಕ್ ಸಮುದ್ರ ತೀರದ ಪೊಮೆರೇನಿಯಾ ಪ್ರಾಂತದಿಂದ ಹೆಸರು ಪಡೆದ, ಎರಡು-ಮೂರು ಕಿಲೋ ತೂಗುವ ಆಟಿಕೆಯಂಥ ನಾಯಿ. ನಮ್ಮ ಊರುಗಳಲ್ಲಿ ಆ ಹೆಸರಿನಿಂದ ಮಾರಾಟವಾಗುವುದು ಬಹುಪಾಲು ಇಂಡಿಯನ್ ಸ್ಪಿಟ್ಜ್. ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬಂದ ಜರ್ಮನ್ ಸ್ಪಿಟ್ಜ್ ನಾಯಿಗಳಿಂದ ಹುಟ್ಟಿ, ತಲೆಮಾರುಗಳಿಂದ ಇಲ್ಲಿನ ಹವೆ, ಇಲ್ಲಿನ ಅನ್ನಕ್ಕೆ ಒಗ್ಗಿದ ತಳಿ ಅದು. ಚಿಕ್ಕ ಗಾತ್ರದ್ದು ಐದಾರು ಕಿಲೋ, ದೊಡ್ಡದು ಹನ್ನೆರಡಕ್ಕೂ ಮೇಲೆ ತೂಗುತ್ತದೆ. ‘ಪಾಮೆರಿಯನ್’ ಎಂಬ ಹೆಸರಿಗೆ ಹೆಚ್ಚು ಹಣ ತೆರುವವರು ಈ ವ್ಯತ್ಯಾಸವನ್ನು ತಿಳಿದಿರುವುದು ಒಳ್ಳೆಯದು. ಬಿಸಿಲ ಊರಿನ ಮನೆಗೆ ಅಪ್ಪಟ ಪೊಮೆರೇನಿಯನ್‌ಗಿಂತ ಈ ದೇಶಿ ಸ್ಪಿಟ್ಜ್ ವಾಸಿ ಎಂಬುದು ಬೇರೆ ಮಾತು.

ಪ್ರಶ್ನೆ ಉಸಿರಿನದು

ನಾಯಿಗೆ ಮನುಷ್ಯನಂತೆ ಮೈತುಂಬ ಬೆವರುವ ಶಕ್ತಿಯಿಲ್ಲ. ಪಾದದ ಅಡಿಯಲ್ಲಿ ಅಲ್ಪಸ್ವಲ್ಪ ಬೆವರುವುದನ್ನು ಬಿಟ್ಟರೆ, ಮೈಯ ಕಾವನ್ನು ಹೊರಹಾಕಲು ಅದು ನೆಚ್ಚಿಕೊಂಡಿರುವುದು ಮೂಗು, ನಾಲಿಗೆ ಮತ್ತು ಏದುಸಿರನ್ನು. ಮೂತಿಯೊಳಗಿನ ತೇವದ ಮೇಲೆ ಗಾಳಿ ಹಾಯ್ದಾಗ ತೇವ ಆರುತ್ತದೆ, ರಕ್ತ ತಂಪಾಗುತ್ತದೆ. ಮೂತಿ ಉದ್ದವಿದ್ದಷ್ಟೂ ಈ ವ್ಯವಸ್ಥೆಗೆ ಜಾಗ ಹೆಚ್ಚು.

ಪಗ್‌ಗೆ ಇಲ್ಲದಿರುವುದು ಈ ಮೂತಿಯೇ. ಮುಖ ಮುದ್ದಾಗಿ ಕಾಣಲೆಂದು ತಲೆಮಾರುಗಳ ಕಾಲ ಆಯ್ದು ಆಯ್ದು ಸಂಕರ ಮಾಡಿದ ಪರಿಣಾಮವಾಗಿ ಮೂಳೆ ಚಿಕ್ಕದಾಯಿತು. ಒಳಗಿನ ಮಾಂಸ ಅದೇ ಪ್ರಮಾಣದಲ್ಲಿ ಚಿಕ್ಕದಾಗಲಿಲ್ಲ. ಹೊಳ್ಳೆಗಳು ಇಕ್ಕಟ್ಟಾದವು. ಮೃದು ಅಂಗುಳು ಉದ್ದವಾಗಿ ಶ್ವಾಸನಾಳದ ಬಾಯಿಗೆ ಅಡ್ಡ ಬಂದಿತು. ಪಗ್ ಮಲಗಿದಾಗ ಗೊರಕೆ ಹೊಡೆಯುವುದನ್ನು ಕಂಡು ಮನೆಮಂದಿ ನಗುತ್ತಾರೆ. ಅನೇಕ ಸಂದರ್ಭಗಳಲ್ಲಿ ಅದು ಉಸಿರಾಟದ ತೊಂದರೆಯ ಲಕ್ಷಣ.

ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುವಂಥದು. ಬ್ರಿಟನ್ನಿನ ಪಗ್‌ಗಳನ್ನು ಉಳಿದ ನಾಯಿಗಳೊಂದಿಗೆ ಹೋಲಿಸಿದಾಗ, ವರ್ಷವೊಂದರಲ್ಲಿ ಯಾವುದಾದರೂ ಕಾಯಿಲೆಗೆ ತುತ್ತಾಗುವ ಸಂಭವ ಪಗ್‌ಗಳಲ್ಲಿ ಸುಮಾರು ಎರಡು ಪಟ್ಟು ಹೆಚ್ಚಿತ್ತು. ಚಪ್ಪಟೆ ಮುಖದಿಂದ ಬರುವ ಶ್ವಾಸ ತಡೆಯ ಸಂಭವ ಸುಮಾರು 54 ಪಟ್ಟು, ಕಣ್ಣಿನ ಪಾರದರ್ಶಕ ಪಟಲದ ಹುಣ್ಣಿನ ಸಂಭವ ಸುಮಾರು 13 ಪಟ್ಟು ಹೆಚ್ಚಿತ್ತು. ಆರೋಗ್ಯದ ದೃಷ್ಟಿಯಿಂದ ಪಗ್ ಅನ್ನು ಸಾಮಾನ್ಯ ನಾಯಿಯೆಂದು ಪರಿಗಣಿಸಲಾಗದು ಎಂಬ ತೀರ್ಮಾನಕ್ಕೆ ಅವರು ಬಂದರು. ಅದೇ ವರ್ಷ ಪ್ರಕಟವಾದ ಇನ್ನೊಂದು ಲೆಕ್ಕಾಚಾರದಲ್ಲಿ ಬ್ರಿಟನ್ನಿನ ಎಲ್ಲ ನಾಯಿಗಳ ಸರಾಸರಿ ಜೀವಿತಾವಧಿ 11 ವರ್ಷಕ್ಕೂ ಮೇಲಿದ್ದರೆ, ಪಗ್‌ನದು 8 ವರ್ಷಕ್ಕೂ ಕಡಿಮೆಯಿತ್ತು. ನೆದರ್ಲೆಂಡ್ಸ್ ಸರ್ಕಾರ 2019ರಲ್ಲೇ, ಮೂತಿಯ ಉದ್ದ ತಲೆಬುರುಡೆಯ ಉದ್ದದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿರುವ ನಾಯಿಗಳಿಂದ ಮರಿ ಮಾಡಿಸುವುದನ್ನು ತಡೆಯಿತು. ಚಪ್ಪಟೆ ಮುಖದ ನಾಯಿಗಳನ್ನು ಸರಕು ವಿಭಾಗದಲ್ಲಿ ಒಯ್ಯಲು ಅನೇಕ ವಿಮಾನಯಾನ ಸಂಸ್ಥೆಗಳು ಒಪ್ಪುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು.

ಇವೆಲ್ಲ ಚಳಿ ದೇಶಗಳ ಮಾತು. ಅಲ್ಲಿಯೇ ಹೀಗಾದರೆ, ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಯಾದಗಿರಿ, ರಾಯಚೂರು, ಕಲಬುರಗಿಯಲ್ಲಿ ಗತಿಯೇನು? ಹೊರಗಿನ ಗಾಳಿಯೇ ನಾಯಿಯ ಮೈಯ ಸಹಜ ಉಷ್ಣಾಂಶಕ್ಕಿಂತ ಬಿಸಿಯಾಗಿರುವ ಮಧ್ಯಾಹ್ನ, ಆರ್‌ಸಿಸಿ ಸೂರಿನ ಕೆಳಗೆ, ಕರೆಂಟು ಹೋದ ಮನೆಯಲ್ಲಿ ಪಗ್ ಏದುತ್ತದೆ. ಏದಿದಷ್ಟೂ ಕಿರಿದಾದ ಶ್ವಾಸನಾಳದ ಒಳಪದರ ಬಾತುಕೊಳ್ಳುತ್ತದೆ. ಬಾತುಕೊಂಡಷ್ಟೂ ಗಾಳಿಯ ದಾರಿ ಇನ್ನೂ ಕಿರಿದಾಗುತ್ತದೆ. ನಾಲಿಗೆ ನೀಲಿಗಟ್ಟಿ ನಾಯಿ ಕುಸಿದು ಬೀಳಲು ಬಹಳ ಹೊತ್ತು ಬೇಕಾಗುವುದಿಲ್ಲ.

ಸ್ಪಿಟ್ಜ್ ನೋಡಿದರೆ ಕಂಬಳಿ ಹೊದ್ದಂತೆ ಕಾಣುತ್ತದೆ. ಈ ತುಪ್ಪಳದ ನಾಯಿ ಬಿಸಿಲಿಗೆ ಹೇಗೆ ತಡೆದೀತು ಎಂಬ ಸಂಶಯ ಬರುವುದು ಸಹಜ. ಬೇಸಿಗೆಯಲ್ಲಿ ಅದಕ್ಕೂ ಕಷ್ಟವಿದೆ. ಆದರೆ ಅದರ ಮೂತಿ ಚೂಪಾಗಿ ಪೂರ್ಣವಾಗಿದೆ, ಏದುಸಿರಿನ ವ್ಯವಸ್ಥೆ ಕೆಡದೆ ಉಳಿದಿದೆ. ಹೊರ ತುಪ್ಪಳ ನೇರ ಬಿಸಿಲನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಬೇಸಿಗೆಗೆಂದು ಅದರ ಮೈಯನ್ನು ಪೂರ್ತಿ ಬೋಳಿಸುವುದು ತಪ್ಪು. ಉದುರುವ ಒಳಗೂದಲನ್ನು ಬಾಚಿ ತೆಗೆದರೆ ಸಾಕು. ಶಹಾಬಾದ್ ಕಲ್ಲಿನ ನೆಲ, ನೆರಳು, ಮಡಿಕೆಯ ನೀರು ಇದ್ದರೆ ಆರೋಗ್ಯವಂತ ಸ್ಪಿಟ್ಜ್ ಇಲ್ಲಿನ ಬೇಸಿಗೆಯನ್ನು ಕಳೆಯಬಲ್ಲದು.

ಸ್ವಭಾವದ ತಕ್ಕಡಿಯಲ್ಲಿ

ಹಾಗೆಂದು ಎಲ್ಲ ಅಂಶಗಳಲ್ಲೂ ಸ್ಪಿಟ್ಜ್ ಮೇಲು ಎನ್ನಲಾಗದು. ಸ್ವಭಾವದ ಮಟ್ಟಿಗೆ ಪಗ್‌ಗೆ ಹೆಚ್ಚು ಅಂಕ ಸಲ್ಲಬೇಕು. ಅದು ಸಹನಶೀಲ, ಸ್ನೇಹಪರ. ಮಗು ಕಿವಿ ಹಿಡಿದೆಳೆದರೂ ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಮೇಲೆ ಹೇಳಿದ ಲಂಡನ್ ಅಧ್ಯಯನದಲ್ಲೂ ಆಕ್ರಮಣಶೀಲತೆ ಪಗ್‌ಗಳಲ್ಲಿ ಉಳಿದ ನಾಯಿಗಳಿಗಿಂತ ಕಡಿಮೆ ಕಂಡುಬಂದಿದೆ. ಬೊಗಳುವುದೂ ಕಡಿಮೆ.

ಸ್ಪಿಟ್ಜ್ ಚುರುಕು, ಎಚ್ಚರ, ಸ್ವಲ್ಪ ಮುಂಗೋಪಿ. ಅಪರಿಚಿತ ಹೆಜ್ಜೆಯ ಸದ್ದಿಗೆ, ಹಾಲಿನವನ ಗಂಟೆಗೆ, ಪಕ್ಕದ ಮನೆಯ ಗೇಟಿಗೆ ಅದು ಬೊಗಳುತ್ತದೆ. ಬಿಡಿ ಮನೆಯಲ್ಲಿ ಇದು ಕಾವಲು ಎನಿಸುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇದೇ ಗುಣ ನೆರೆಹೊರೆಯವರೊಂದಿಗೆ ಜಗಳಕ್ಕೆ ಕಾರಣವಾಗಬಲ್ಲದು. ಊಟದ ತಟ್ಟೆಯ ಬಳಿ ಕೈಹಾಕುವ, ಮಲಗಿದ್ದಾಗ ಬಾಲ ಎಳೆಯುವ ಮಗುವಿಗೆ ಅದು ಗುರ್ ಎನ್ನಬಹುದು, ಕಚ್ಚಲೂಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ದೊಡ್ಡವರ ಕಣ್ಗಾವಲಿಲ್ಲದೆ ಮಗುವನ್ನೂ ನಾಯಿಯನ್ನೂ ಒಂದೇ ಕೋಣೆಯಲ್ಲಿ ಬಿಡಬಾರದು. ಈ ಮಾತು ಪಗ್‌ಗೂ ಅನ್ವಯಿಸುತ್ತದೆ. ಹಲ್ಲಿನ ಪಾಚಿ, ಮೊಣಕಾಲ ಚಿಪ್ಪು ಜಾರುವುದು, ಸಂತಾನಹರಣ ಮಾಡಿಸದ ವಯಸ್ಸಾದ ಹೆಣ್ಣುಗಳಲ್ಲಿ ಗರ್ಭಕೋಶದ ಕೀವು, ತುಪ್ಪಳದೊಳಗೆ ಅಡಗುವ ಉಣ್ಣಿ ಇವು ಸ್ಪಿಟ್ಜ್ ಸಾಕುವವರು ಎದುರಿಸಬೇಕಾದ ತೊಂದರೆಗಳು.

ಕೂದಲು ಉದುರುವ ವಿಷಯದಲ್ಲಿ ಮಾತ್ರ ಜನರ ಎಣಿಕೆ ತಪ್ಪು. ಪಗ್‌ನ ಗಿಡ್ಡ ಕೂದಲೂ ವರ್ಷವಿಡೀ ಉದುರುತ್ತದೆ. ಉಬ್ಬಸದ ರೋಗಿಗಳಿರುವ ಮನೆ ಎರಡರ ವಿಷಯದಲ್ಲೂ ವೈದ್ಯರ ಸಲಹೆ ಪಡೆಯುವುದು ಒಳಿತು.

ಒಂದೇ ರಾಜ್ಯ, ಬೇರೆ ಬೇರೆ ಹವೆ

ಸ್ವಭಾವದಲ್ಲಿ ಸೌಮ್ಯವಾದ ಪಗ್ ಎಲ್ಲಿಯೂ ಬೇಡವೇ? ಉತ್ತರ ಊರಿನಿಂದ ಊರಿಗೆ ಬದಲಾಗುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ, ಗಾಳಿಯಾಡುವ ಫ್ಲಾಟಿನಲ್ಲಿ, ಹತ್ತಿರದಲ್ಲೇ ಸಣ್ಣ ಪ್ರಾಣಿಗಳ ವೈದ್ಯರಿರುವಲ್ಲಿ ಪಗ್ ಸಾಕುವುದು ಸಾಧ್ಯ. ಅಲ್ಲಿಯೂ ಹೊಳ್ಳೆ ಅಗಲವಾಗಿರುವ, ಮೂತಿ ತುಸುವಾದರೂ ಮುಂದೆ ಬಂದಿರುವ ಮರಿಯನ್ನು ಆರಿಸಬೇಕು. ಮೈ ಬೆಳೆಯದಂತೆ ನೋಡಿಕೊಳ್ಳಬೇಕು. ಮಂಗಳೂರು, ಕಾರವಾರದ ಕರಾವಳಿಯಲ್ಲಿ ಉಷ್ಣಾಂಶ ಉತ್ತರ ಕರ್ನಾಟಕದಷ್ಟಿಲ್ಲ. ಆದರೆ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ನಾಲಿಗೆಯ ತೇವ ಬೇಗ ಆರದು, ಏದುಸಿರು ಫಲ ನೀಡದು. ಪಗ್‌ಗೆ ಅಲ್ಲಿಯೂ ಕಷ್ಟವೇ. ಸ್ಪಿಟ್ಜ್‌ನ ತುಪ್ಪಳಕ್ಕೂ ಮಳೆಗಾಲದಲ್ಲಿ ಚರ್ಮರೋಗದ ಕಾಟ ತಪ್ಪದು.

ಈ ಅಂಶಗಳನ್ನು ಗಮನಿಸಬೇಕಾದ ಆಡಳಿತ ಗಾತ್ರದ ಆಚೆಗೆ ನೋಡಿಲ್ಲ. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2018ರಲ್ಲಿ ಫ್ಲಾಟಿಗೆ ಒಂದೇ ನಾಯಿ, ಬಿಡಿ ಮನೆಗೆ ಮೂರು ಎಂದು ಉಪವಿಧಿ ಮಾಡಿ, ಫ್ಲಾಟುಗಳಲ್ಲಿ ಸಾಕಬಹುದಾದ ಪುಟ್ಟ ತಳಿಗಳ ಪಟ್ಟಿಯನ್ನೂ ಕೊಟ್ಟಿತು. ಸಾರ್ವಜನಿಕರ ವಿರೋಧದಿಂದಾಗಿ ಅದನ್ನು ತಡೆಹಿಡಿಯಬೇಕಾಯಿತು. 2024ರ ಸುತ್ತೋಲೆಯ ಕಣ್ಣು ಇದ್ದದ್ದು ದೊಡ್ಡ ನಾಯಿಯ ಹಲ್ಲಿನ ಮೇಲೆ. ಪುಟ್ಟ ನಾಯಿ ಎಂದರೆ ಯಾರಿಗೂ ತೊಂದರೆಯಿಲ್ಲದ ನಾಯಿ ಎಂಬ ಗ್ರಹಿಕೆ ಎರಡರ ಹಿಂದೆಯೂ ಇದೆ. ನಾಯಿಗೇ ಆಗುವ ತೊಂದರೆ ಲೆಕ್ಕಕ್ಕೆ ಬಂದಂತಿಲ್ಲ.

ವೈದ್ಯರು ಎಷ್ಟು ದೂರ?

ತಳಿಯ ಆಯ್ಕೆಯಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಇದು. ನಮ್ಮ ತಾಲ್ಲೂಕು ಪಶು ಆಸ್ಪತ್ರೆಗಳು ರೂಪುಗೊಂಡಿರುವುದು ಎತ್ತು, ಎಮ್ಮೆ, ಕುರಿ, ಮೇಕೆಗಳ ಅಗತ್ಯಕ್ಕೆ. ಕೃಷಿ ಪ್ರಧಾನ ಪ್ರದೇಶದಲ್ಲಿ ಅದು ಸಹಜವೂ ಹೌದು. ಲಸಿಕೆ, ಜ್ವರ, ಗಾಯಗಳಿಗೆ ಅಲ್ಲಿ ನೆರವು ದೊರೆಯುತ್ತದೆ. ಆದರೆ ಪಗ್‌ನ ಹೊಳ್ಳೆ ಅಗಲಿಸುವ, ಅಂಗುಳು ಕತ್ತರಿಸುವ ಶಸ್ತ್ರಚಿಕಿತ್ಸೆಗೆ ವಿಶೇಷ ಪರಿಣತಿ ಬೇಕು. ದೇವಾಪುರದಿಂದ ಕಲಬುರಗಿಯೇ ನೂರು ಕಿ.ಮೀ.ಗೂ ಹೆಚ್ಚು ದೂರ. ಪಶುವೈದ್ಯಕೀಯ ವಿಶ್ವವಿದ್ಯಾಲಯವಿರುವ ಬೀದರ್ ಇನ್ನೂ ಆಚೆ. ಮೇ ತಿಂಗಳ ಮಧ್ಯಾಹ್ನ ಉಸಿರುಗಟ್ಟಿದ ನಾಯಿ ಆ ದಾರಿಯನ್ನು ಕ್ರಮಿಸುವುದು ಅನುಮಾನ. ಯಾವ ನಾಯಿಯ ಸಾಮಾನ್ಯ ಕಾಯಿಲೆಗಳಿಗೆ ತಾಲ್ಲೂಕಿನಲ್ಲೇ ಪರಿಹಾರವಿದೆಯೋ ಅದನ್ನು ಸಾಕುವುದು ವಿವೇಕ. ಈ ಅಳತೆಗೋಲಿನಲ್ಲೂ ಸ್ಪಿಟ್ಜ್ ಮುಂದಿದೆ.

ಖರೀದಿಯಲ್ಲಿಯೂ ಎಚ್ಚರ ಬೇಕು. ಮೊಬೈಲಿನಲ್ಲಿ ಚಿತ್ರ ನೋಡಿ, ಹಣ ಕಳುಹಿಸಿ, ಹೈದರಾಬಾದ್, ಸೊಲ್ಲಾಪುರ ಅಥವಾ ಬೆಂಗಳೂರಿನಿಂದ ಡಬ್ಬಿಯಲ್ಲಿ ಮರಿ ತರಿಸಿಕೊಳ್ಳುವ ಪರಿಪಾಠ ಒಳ್ಳೆಯದಲ್ಲ. 2017ರ ಶ್ವಾನ ಸಂತಾನಾಭಿವೃದ್ಧಿ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹೆಣ್ಣುನಾಯಿಯಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು, ಜೀವಿತದಲ್ಲಿ ಐದಕ್ಕಿಂತ ಹೆಚ್ಚು ಸೂಲು ಪಡೆಯುವಂತಿಲ್ಲ. ನಿಯಮ ಕಾಗದದ ಮೇಲೆ ಬಲವಾಗಿದೆ. ನೋಂದಣಿ ಸಂಖ್ಯೆ ಕೇಳುವ ಗಿರಾಕಿಗಳು ಹೆಚ್ಚಿದರೆ ಮಾತ್ರ ಅದಕ್ಕೆ ಜೀವ ಬಂದೀತು. ತಾಯಿನಾಯಿಯನ್ನು ಕಣ್ಣಾರೆ ನೋಡಿ, ಅದು ಕೂತಲ್ಲೇ ಗೊರಗುಟ್ಟುತ್ತಿದೆಯೇ, ಮುಂಗೋಪದಿಂದ ಎರಗುತ್ತಿದೆಯೇ ಎಂಬುದನ್ನು ಗಮನಿಸಿದರೆ ಮರಿಯ ಭವಿಷ್ಯ ಅರ್ಧದಷ್ಟು ತಿಳಿದಂತೆ.

ಮನೆಗೆ ತಂದ ಮೇಲೆ ಆರರಿಂದ ಎಂಟನೇ ವಾರದಿಂದ ಪಾರ್ವೊ, ಡಿಸ್ಟೆಂಪರ್ ಲಸಿಕೆಗಳು, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆನಂತರ ವೈದ್ಯರ ಸಲಹೆಯಂತೆ ಪುನರಾವರ್ತನೆ ತಪ್ಪಬಾರದು. ‘ಮನೆಯೊಳಗಿನ ನಾಯಿಗೆ ಹುಚ್ಚು ಎಲ್ಲಿಂದ ಬರುತ್ತದೆ’ ಎಂಬ ಮಾತು ಜೀವಕ್ಕೇ ಎರವಾದೀತು. ಯಾವುದೇ ನಾಯಿ ಕಚ್ಚಿದರೂ ಗಾಯವನ್ನು 15 ನಿಮಿಷ ಸೋಪು, ನೀರಿನಿಂದ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಊಟದಲ್ಲಿ ಜೋಳದ ರೊಟ್ಟಿ, ಅನ್ನ, ಮೊಟ್ಟೆ ಅಡ್ಡಿಯಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ಹಬ್ಬದ ಮನೆಯಲ್ಲಿ ಇದನ್ನು ಮಕ್ಕಳಿಗೂ ನೆಂಟರಿಗೂ ಮೊದಲೇ ತಿಳಿಸುವುದು ಮೇಲು.

ತೀರ್ಮಾನ ಏನು?

ಯಾದಗಿರಿ, ರಾಯಚೂರು, ಕಲಬುರಗಿ, ವಿಜಯಪುರ, ಬಳ್ಳಾರಿಯಂಥ ಬಿಸಿಲ ಜಿಲ್ಲೆಗಳ ಕುಟುಂಬಕ್ಕೆ, ಈ ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದರೆ, ಸ್ಪಿಟ್ಜ್ ಸರಿಯಾದ ಆಯ್ಕೆ. ಮಕ್ಕಳು ಶಾಲೆಗೆ ಹೋಗುವ ವಯಸ್ಸಿನವರಾಗಿರಬೇಕು, ಹಗಲಿನಲ್ಲಿ ಮನೆಯಲ್ಲಿ ಒಬ್ಬರಾದರೂ ಇರಬೇಕು, ಬೊಗಳುವಿಕೆಯನ್ನು ಮರಿಯಿದ್ದಾಗಲೇ ತಿದ್ದುವ ತಾಳ್ಮೆ ಇರಬೇಕು ಎಂಬ ಷರತ್ತುಗಳೊಂದಿಗೆ. ತೀರಾ ಚಿಕ್ಕ ಮಗುವಿದ್ದರೆ ಒಂದೆರಡು ವರ್ಷ ಕಾಯುವುದು ಜಾಣತನ. ಮಗುವಿಗಾಗಿ ಸೌಮ್ಯ ನಾಯಿ ಬೇಕೆಂದು ಪಗ್ ತಂದರೆ, ಅದು ಉಸಿರಿಗಾಗಿ ಒದ್ದಾಡುವುದನ್ನು ಆ ಮಗುವೇ ನೋಡಬೇಕಾದೀತು.

ಮೂರನೆಯ ದಾರಿಯೂ ಇದೆ. ಸುಪ್ರೀಂ ಕೋರ್ಟ್ ಆದೇಶದ ನಂತರ ಬೀದಿನಾಯಿಗಳಿಗೆ ಆಶ್ರಯ ಎಲ್ಲಿ ಎಂಬ ಪ್ರಶ್ನೆ ಊರೂರಿನ ಸ್ಥಳೀಯ ಸಂಸ್ಥೆಗಳನ್ನು ಕಾಡುತ್ತಿದೆ. ಓಣಿಯ ಮರಿಯೊಂದನ್ನು ತಂದು, ಲಸಿಕೆ ಹಾಕಿಸಿ, ಸಂತಾನಹರಣ ಮಾಡಿಸಿ ಸಾಕಿದರೆ ಈ ಬಿಸಿಲಿಗೆ ಅದರಷ್ಟು ಒಗ್ಗಿದ ನಾಯಿ ಇನ್ನೊಂದಿಲ್ಲ. ಗಾತ್ರ ಸ್ವಲ್ಪ ದೊಡ್ಡದಾದೀತು, ವಂಶಾವಳಿಯ ಪತ್ರ ಸಿಗದು, ಅಷ್ಟೆ.

ಸರ್ಕಾರದ ಪಾಲಿನ ಕೆಲಸವೂ ಉಳಿದಿದೆ. ಮಾರಾಟಗಾರರ ನೋಂದಣಿಯನ್ನು ಜಿಲ್ಲಾ ಮಟ್ಟದಲ್ಲಿ ಪರಿಶೀಲಿಸುವುದು, ಚಪ್ಪಟೆ ಮುಖದ ತಳಿಗಳಿಗೆ ಮೂತಿಯ ಕನಿಷ್ಠ ಅಳತೆಯನ್ನು ನಿಗದಿಪಡಿಸುವುದು, ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಸಾಕುನಾಯಿಗಳ ತಪಾಸಣೆಗೆ ಮೀಸಲಿಡುವುದು ದೊಡ್ಡ ಖರ್ಚಿನ ಬಾಬ್ತುಗಳಲ್ಲ. ಅದುವರೆಗೆ ಹೊಣೆ ಕೊಳ್ಳುವವರದೇ. ಮರಿಯನ್ನು ಮಡಿಲಿಗೆ ತೆಗೆದುಕೊಳ್ಳುವ ಮುನ್ನ ಅದರ ಮೂಗಿನ ಹೊಳ್ಳೆಯನ್ನೊಮ್ಮೆ ನೋಡಿ, ಉಸಿರಿನ ಸದ್ದನ್ನೊಮ್ಮೆ ಕೇಳಿಸಿಕೊಳ್ಳುವುದು ಯಾರಿಗೂ ಕಷ್ಟದ ಕೆಲಸವಲ್ಲ.